ನಾಲ್ಕು ಗಂಟೆಯ ಚೆಂಡೆ

ಕೊನೆಯ ಬೆಲ್ ಇನ್ನೂ ಹೊಡೆದಿಲ್ಲ. ಒಂಬತ್ತನೇ ‘ಬಿ’ಯ ಹಿಂದಿನ ಬೆಂಚಿನಡಿ ಆಗಲೇ ಮೂರು ಜೊತೆ ಒದ್ದೆ ಕಾಲ್ಚೀಲ ಕಳಚಿ ಬಿದ್ದಿವೆ. ಸಮಾಜದ ಟೀಚರು ಬೋರ್ಡಿನ ಕಡೆ ತಿರುಗಿದಾಗೆಲ್ಲ ಬರಿಗಾಲೊಂದು ಮೆಲ್ಲಗೆ ನೆಲ ತಟ್ಟುತ್ತದೆ. ಟೀಚರಿಗೆ ಅದು ಕೇಳಿಸುತ್ತಿಲ್ಲವೆಂದಲ್ಲ. ಇನ್ನು ಐದೇ ನಿಮಿಷ ಇದೆ, ಪಾಠ ಅರ್ಧ ಪುಟ ಉಳಿದಿದೆ, ಹಾಗಾಗಿ ಕೇಳಿಸಿಕೊಂಡಿಲ್ಲ. ಹೊರಗೆ ಆಷಾಢದ ಮಳೆ. ಮೈದಾನ ತುಂಬಿ ಗೋಲ್‌ಪೋಸ್ಟಿನ ಕಂಬಗಳು ನೀರಲ್ಲಿ ನಿಂತಿವೆ. ಪೆನಾಲ್ಟಿ ಹೊಡೆಯುವ ಜಾಗದಲ್ಲಿ ಬೆಳ್ಳಕ್ಕಿಯೊಂದು ಮೀನು ಕಾಯುತ್ತಿದೆ.

ಬೆಲ್ ಹೊಡೆಯಿತು.

ಮೊದಲ ಟ್ರಿಪ್ಪಿನ ಬಸ್ಸಿಗೆ ಹೋಗುವವರು ಎಡಕ್ಕೆ ಓಡುತ್ತಾರೆ. ನೀವು ಬಲಕ್ಕೆ ತಿರುಗಿದವರ ಹಿಂದೆ ಬನ್ನಿ. ಕಾರಿಡಾರಿಗೆ ಹಾಸಿದ ಗೋಣಿತಾಟಿನ ಮೇಲೇ ಕಾಲಿಡಿ, ಟೈಲ್ಸ್ ಜಾರುತ್ತದೆ. ವಿಜ್ಞಾನದ ಲ್ಯಾಬ್, ಸ್ಟಾಫ್ ರೂಮ್, ಕೊಡೆಗಳ ರಾಶಿ, ಇವನ್ನೆಲ್ಲ ದಾಟಿದರೆ ತಗಡಿನ ಮಾಡಿನ ಸಭಾಂಗಣ. ಬಾಗಿಲಲ್ಲೇ ಕೇಳಿಸುತ್ತದೆ, ಮಳೆಯ ಸದ್ದಿನೊಳಗಿಂದ ಮದ್ದಳೆಯ ಶ್ರುತಿ ಹೊಂದಿಸುವ ಸಣ್ಣ ಟಕಟಕ.

ಉಡುಪಿಯಿಂದ ಕುಂದಾಪುರದ ಕಡೆ ಹೋಗುವ 66ನೇ ಹೆದ್ದಾರಿಯಲ್ಲಿ ಬ್ರಹ್ಮಾವರ ಕಳೆದು ಒಳಗೆ ತಿರುಗಿದರೆ ಸಿಗುವ ಖಾಸಗಿ ಹೈಸ್ಕೂಲು ಇದು. ಇಂಗ್ಲಿಷ್ ಮೀಡಿಯಂ, ರಾಜ್ಯ ಪಠ್ಯಕ್ರಮ. ಹೆಸರು ಹೇಳುವುದಿಲ್ಲ. ಹೇಳಿದರೆ ಪಕ್ಕದ ಶಾಲೆಯವರಿಗೆ ಬೇಸರ, ಯಾಕೆಂದರೆ ಅಲ್ಲೂ ಇದೇ ಹೊತ್ತಿಗೆ ಇದೇ ನಡೆಯುತ್ತಿದೆ.

ಗುರುಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ. ಪಂಚೆ, ಅರ್ಧ ತೋಳಿನ ಅಂಗಿ, ಕುತ್ತಿಗೆಗೊಂದು ಬೈರಾಸು. ಯಕ್ಷಗಾನ ಮೇಳದ ಕಲಾವಿದರು. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ, ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆಯೇ. ಈ ನಡುವಿನ ಮಳೆಗಾಲದಲ್ಲಿ ಅವರು ಊರಲ್ಲಿರುತ್ತಾರೆ. ಶಾಲೆ ಶುರುವಾಗುವುದೂ ಆಗಲೇ. ಬಯಲಾಟಕ್ಕೆ ಬಯಲಿಲ್ಲದ ಕಾಲ ಹೀಗೆ ಯಕ್ಷಗಾನದ ತರಗತಿಗೆ ಹೇಳಿ ಮಾಡಿಸಿದ ಕಾಲವಾಗಿದೆ. ಉಡುಪಿಯಲ್ಲಿ 1975ರಿಂದ ಕೆಲಸ ಮಾಡುತ್ತಿರುವ ಯಕ್ಷಗಾನ ಕಲಾರಂಗ, ಆಮೇಲೆ ಬಂದ ಯಕ್ಷಶಿಕ್ಷಣ ಟ್ರಸ್ಟ್, ಇವುಗಳ ಓಡಾಟದಿಂದ ಈ ಜಿಲ್ಲೆಯ ಹೈಸ್ಕೂಲುಗಳಲ್ಲಿ ಹೆಜ್ಜೆ ಕಲಿಸುವುದು ಈಗ ಡ್ರಾಯಿಂಗ್ ಪೀರಿಯಡ್ಡಿನಷ್ಟೇ ಸಹಜ. ಮಳೆಗಾಲದಲ್ಲಿ ಕಲಿತದ್ದನ್ನು ನವೆಂಬರ್, ಡಿಸೆಂಬರಿನ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ವೇಷ ಕಟ್ಟಿ ಆಡಬೇಕು. ಇವತ್ತು ಜುಲೈ.

ಇಪ್ಪತ್ತೆಂಟು ಮಕ್ಕಳು ನಾಲ್ಕು ಸಾಲಾಗಿ ನಿಂತರು. ಎಣಿಸಿ ನೋಡಿದೆ, ಹದಿನೇಳು ಹುಡುಗಿಯರು. ಅರವತ್ತು ವರ್ಷದ ಹಿಂದೆ ಈ ರಂಗಕ್ಕೆ ಹೆಣ್ಣುಮಕ್ಕಳು ಕಾಲಿಡುವುದೇ ಅಪರೂಪವಿತ್ತು, ಸ್ತ್ರೀವೇಷವೂ ಗಂಡಸರದ್ದೇ. ಈಗ ಇಲ್ಲಿ ಅರ್ಜುನ ಒಬ್ಬಳು, ವೃಷಕೇತು ಒಬ್ಬಳು. ಚಿತ್ರಾಂಗದೆ ಮಾತ್ರ ಒಬ್ಬ ಹುಡುಗ. ಬೇರೆ ಯಾರೂ ಆ ಪಾತ್ರ ಒಪ್ಪಲಿಲ್ಲವಂತೆ. ಪ್ರಸಂಗ ಬಬ್ರುವಾಹನ ಕಾಳಗ.

“ಏಕತಾಳ,” ಎಂದರು ಗುರುಗಳು. ಚೆಂಡೆಯ ಮೇಲೆ ಕೋಲು ಬಿತ್ತು.

ಮೊದಲ ಪೆಟ್ಟಿಗೆ ನನ್ನ ಎದೆಗೂಡು ನಡುಗಿತು. ಇಷ್ಟು ಹತ್ತಿರದಿಂದ ಚೆಂಡೆ ಕೇಳಿ ಎಷ್ಟೋ ವರ್ಷವಾಗಿತ್ತು. ಆಟದ ಬಯಲಲ್ಲಿ ಅದು ದೂರದಿಂದ ತೇಲಿ ಬರುವ ಸದ್ದು, ಇಲ್ಲಿ ನೇರ ಪಕ್ಕೆಲುಬಿಗೇ ಬಡಿಯುತ್ತದೆ. ಐವತ್ತಾರು ಬರಿಗಾಲು ಒಟ್ಟಿಗೆ ಸಿಮೆಂಟಿಗೆ ಬಿದ್ದವು. ಒಟ್ಟಿಗೆ ಅಂದೆನೇ? ಐವತ್ತನಾಲ್ಕು. ಮೂರನೇ ಸಾಲಿನ ಉದ್ದನೆಯ ಹುಡುಗನ ಎರಡು ಕಾಲು ಅರೆಗಳಿಗೆ ತಡವಾಗಿ ಬಂದವು. ಈ ಹುಡುಗ ಗಣಿತದಲ್ಲಿ ಹಿಂದೆ ಎಂದು ಬೆಳಿಗ್ಗೆಯೇ ಸ್ಟಾಫ್ ರೂಮಿನಲ್ಲಿ ಕೇಳಿದ್ದೆ. ಲೆಕ್ಕದಲ್ಲಿ ಸೋತವನು ತಾಳದಲ್ಲಿ ಗೆಲ್ಲುತ್ತಾನೆ ಎಂಬ ಕಥೆ ಬರೆಯಲು ನನ್ನ ಪೆನ್ನು ಸಿದ್ಧವಾಗಿಯೂ ಇತ್ತು. ಆಮೇಲೆ ತ್ರಿವುಡೆ ಬಂತು, ಏಳು ಅಕ್ಷರದ್ದು. ಅವನು ಅಲ್ಲೂ ಒಂದನ್ನು ನುಂಗಿದ. ಗುರುಗಳು ಅವನನ್ನು ಮುಂದಿನ ಸಾಲಿಗೆ ಕರೆದು, ಪಕ್ಕದಲ್ಲಿ ನಿಂತು, ಅವನ ಬೆನ್ನ ಮೇಲೆ ಬೆರಳಲ್ಲಿ ತಾಳ ಹಾಕಿದರು. ಮೂರು, ಮತ್ತೆ ಎರಡು, ಮತ್ತೆ ಎರಡು. ಹುಡುಗ ಕಣ್ಣು ಮುಚ್ಚಿಕೊಂಡ. ಐದನೇ ಸುತ್ತಿಗೆ ಕಾಲು ಸರಿಯಾಗಿ ಬಿತ್ತು, ಆರನೆಯದಕ್ಕೆ ಮತ್ತೆ ತಪ್ಪಿತು. ಯಾರೂ ನಗಲಿಲ್ಲ. ನಕ್ಕರೆ ಮುಂದಿನ ಸರದಿ ತಮ್ಮದೇ ಎಂದು ಎಲ್ಲರಿಗೂ ಗೊತ್ತು.

ಮಕ್ಕಳಿಗೆ ಬೇಕಾದದ್ದು ಮಂಡಿ. ಬಡಗುತಿಟ್ಟಿನಲ್ಲಿ ಮೊಣಕಾಲೂರಿ ಗಿರಗಿರನೆ ತಿರುಗುವ ಆ ಕುಣಿತಕ್ಕೇ ಚಪ್ಪಾಳೆ ಬೀಳುವುದು ಎಂದು ಮೊಬೈಲಿನಲ್ಲಿ ನೋಡಿ ತಿಳಿದಿದ್ದಾರೆ. ಗುರುಗಳು ನವರಾತ್ರಿಯವರೆಗೆ ಕಲಿಸುವುದಿಲ್ಲ ಎಂದಿದ್ದಾರೆ. ಆದರೂ ಬಬ್ರುವಾಹನನ ಎರಡೂ ಮೊಣಕಾಲು ಕೆತ್ತಿಹೋಗಿ ಅರಸಿನ ಮೆತ್ತಿಕೊಂಡಿದೆ. ಮನೆಯ ಹಜಾರದಲ್ಲಿ ಕದ್ದು ಪ್ರಯೋಗ ಮಾಡಿದ್ದಾನೆ. ಗುರುಗಳು ನೋಡಿದರು, ಏನೂ ಹೇಳದೆ ಅವನಿಗೆ ಹತ್ತು ನಿಮಿಷ ಸುಮ್ಮನೆ ನಿಲ್ಲುವ ಶಿಕ್ಷೆ ಕೊಟ್ಟರು. ಕಿರೀಟ ಹೊತ್ತವನು ಕುಣಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು, ಅದನ್ನು ಮೊದಲು ಕಲಿ ಎಂದು.

ಬೆಳಿಗ್ಗೆಯಿಂದ ಈ ಶಾಲೆಯಲ್ಲಿ ನಾನು ಕಂಡದ್ದೆಲ್ಲ ಓಟ. ಎಂಟೂವರೆಗೆ ಹತ್ತನೆಯವರಿಗೆ ಝೀರೋ ಪೀರಿಯಡ್. ಒಂಬತ್ತೂವರೆಗೆ ಪ್ರಾರ್ಥನೆ, ಮಳೆಯಿಂದಾಗಿ ಅವರವರ ತರಗತಿಯಲ್ಲೇ ನಿಂತು, ಸ್ಪೀಕರಿನ ಗೊರಗೊರದ ಹಿಂದೆ ಅರ್ಧ ಸಾಲು ತಡವಾಗಿ. ಪಿ.ಟಿ. ಪೀರಿಯಡ್ಡನ್ನು ಗಣಿತದವರು ಕೇಳಿ ಪಡೆದರು. ಮೈದಾನದಲ್ಲಿ ನೀರಿರುವಾಗ ಪಿ.ಟಿ. ಮೇಷ್ಟ್ರ ವಾದಕ್ಕೆ ಬಲವಿಲ್ಲ. ಮೇಲಿನ ಮಹಡಿಯ ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿ ಮೂವರು ಎಂಟನೆಯವರು ಸೆನ್ಸರ್ ಕಟ್ಟಿದ ಕಸದ ಬುಟ್ಟಿಯ ಮುಂದೆ ಕೈ ಆಡಿಸುತ್ತಿದ್ದರು. ಮುಚ್ಚಳ ನಾಲ್ಕು ಸಲಕ್ಕೆ ಒಮ್ಮೆ ತೆರೆಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಪ್ರತಿಭಾ ಕಾರಂಜಿಯ ತಯಾರಿ. ಒಬ್ಬಳು ಹಿಂದಿ ಕಂಠಪಾಠ ಒಪ್ಪಿಸುತ್ತಿದ್ದಳು, ಇನ್ನೊಬ್ಬ ಅದೇ ಹೊತ್ತಿಗೆ ಮಿಮಿಕ್ರಿಗೆ ನಾಯಿ ಬೊಗಳುತ್ತಿದ್ದ, ಇಬ್ಬರಿಗೂ ತೊಂದರೆ ಕಾಣಲಿಲ್ಲ. ಕ್ಲಸ್ಟರಿನಲ್ಲಿ ಗೆದ್ದರೆ ತಾಲೂಕು, ಅಲ್ಲಿಂದ ಜಿಲ್ಲೆ, ಆಮೇಲೆ ರಾಜ್ಯ. ಸ್ಕೌಟ್ಸ್‌ನವರು ಗಂಟು ಹಾಕುವುದನ್ನು ಕಲಿಯುತ್ತಿದ್ದರು. ಇವೆಲ್ಲ ಶಾಲೆಯ ಬ್ರೋಷರಿನಲ್ಲಿ ಬಣ್ಣದ ಫೋಟೊ ಸಮೇತ ಇವೆ.

ಹೆಡ್ ಮೇಡಮ್ಮಿನ ಕೋಣೆಯ ಗೋಡೆಯಲ್ಲಿ ಬೇರೆಯೇ ಪಟ್ಟಿ. ಮೇಲೆ ದಪ್ಪಕ್ಷರದಲ್ಲಿ 625. ಅದರ ಕೆಳಗೆ ಹಿಂದಿನ ವರ್ಷಗಳ ಟಾಪರುಗಳು, 619, 621, ಹೀಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ಮರುವರ್ಷ ದಕ್ಷಿಣ ಕನ್ನಡ ಮೊದಲಾಗಿ ಉಡುಪಿ ಎರಡನೆಯದಾಯಿತು. ಆ ಎರಡನೇ ಸ್ಥಾನದ ನೋವು ಸ್ಟಾಫ್ ರೂಮಿನಲ್ಲಿ ಇನ್ನೂ ಆರಿಲ್ಲ. ಲೆಕ್ಕಾಚಾರ ಬಲ್ಲ ತಂದೆತಾಯಿಯರ ಜಿಲ್ಲೆ ಇದು. ಪ್ರಥಮ ಭಾಷೆಗೆ 125 ಅಂಕ, ಸಂಸ್ಕೃತ ತೆಗೆದುಕೊಂಡರೆ ಅಷ್ಟಕ್ಕಷ್ಟೂ ಬೀಳುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಆಗ ಕನ್ನಡ ಬೆಂಚಿನಲ್ಲಿ ಆಚೆಗೆ ಸರಿದು ಕೂರುತ್ತದೆ. ಪಾಠ ಇಂಗ್ಲಿಷಿನಲ್ಲಿ, ಮನೆಮಾತು ತುಳುವೋ ಕುಂದಾಪುರದ ಕನ್ನಡವೋ ಕೊಂಕಣಿಯೋ ಬ್ಯಾರಿಯೋ, ಅಂಕ ಸಂಸ್ಕೃತದಲ್ಲಿ. ಇನ್ನು ಕನ್ನಡಕ್ಕೆ ಉಳಿದ ಜಾಗ ಯಾವುದು?

ನಾನು ಈ ಸಭಾಂಗಣಕ್ಕೆ ಬಂದದ್ದು ಕುಣಿತ ನೋಡಲು. ಕೂತುಬಿಟ್ಟದ್ದು ಮಾತು ಕೇಳಲು.

ನಾಲ್ಕೂ ಮುಕ್ಕಾಲು. ಮಕ್ಕಳು ನೆಲದ ಮೇಲೆ ಅರ್ಧಚಂದ್ರವಾಗಿ ಕೂತಿದ್ದಾರೆ. ಬಬ್ರುವಾಹನ ನಡುವೆ ನಿಂತಿದ್ದಾನೆ. ತಾನು ಕಟ್ಟಿದ ಯಜ್ಞದ ಕುದುರೆ ತನ್ನ ತಂದೆಯದ್ದೇ ಎಂದು ತಿಳಿದು, ತಾಯಿಯ ಮಾತಿನಂತೆ ಕಪ್ಪಕಾಣಿಕೆಯೊಡನೆ ಅರ್ಜುನನ ಎದುರು ಬಂದು ಕ್ಷಮೆ ಕೇಳುವ ಸಂದರ್ಭ. ಎದುರಿಗೆ ಅರ್ಜುನ ಇಲ್ಲ. ಅವಳು ಹತ್ತನೆಯವಳು, ಮೇಲೆ ವಿಜ್ಞಾನದ ಸ್ಪೆಷಲ್ ಕ್ಲಾಸಿನಲ್ಲಿದ್ದಾಳೆ. ಹಾಗಾಗಿ ಒಂದು ಖಾಲಿ ಕುರ್ಚಿಯೇ ಅರ್ಜುನ.

ಹುಡುಗ ಕೈಮುಗಿದು ಶುರುಮಾಡಿದ. “ಪೂಜ್ಯರಾದ ತಂದೆಯವರೇ, ತಮ್ಮ ಅಶ್ವವೆಂದು ಅರಿಯದೆ ಕಟ್ಟಿದೆ. ಬಾಲಕನಿಂದ ಆದ ಈ ಮಿಸ್ಟೇಕನ್ನು...”

ಚೆಂಡೆಯ ಮೇಲೆ ಒಂದೇ ಪೆಟ್ಟು. ಢಣ್!

“ಎಂತದಾ ಅದು?”

ಹುಡುಗ ತಡಕಾಡಿದ. “ತಪ್ಪನ್ನು.”

“ತಪ್ಪು ಸರಿ. ಮಗ ಅಪ್ಪನ ಹತ್ರ ಹೇಳುವಾಗ? ರಾಜಕುಮಾರ ಅವ. ತಪ್ಪು ಅಂತ ಹೇಳ್ತಾನಾ, ಅಪರಾಧ ಅಂತ ಹೇಳ್ತಾನಾ, ಪ್ರಮಾದ ಅಂತ ಹೇಳ್ತಾನಾ?”

ನೋಡಿ, ಇಲ್ಲಿ ನನ್ನ ಪೆನ್ನು ನಿಂತಿತು. ಅರ್ಧಚಂದ್ರದಲ್ಲಿ ಕೂತವರು ಒಬ್ಬೊಬ್ಬರೇ ಮಾತು ತೆಗೆದರು. ಅಪರಾಧವೆಂದರೆ ಬೇಕೆಂದೇ ಮಾಡಿದ್ದಾಗುತ್ತದೆ ಎಂದಳು ಎರಡು ಜಡೆಯ ಹುಡುಗಿ. ತಪ್ಪು ಬರೀ ಮನೆಮಾತಾಯಿತು ಎಂದ ಮದ್ದಳೆಯ ಪಕ್ಕ ಕೂತವನು. ಗೊತ್ತಿಲ್ಲದೆ ಆದದ್ದು ಪ್ರಮಾದ, ಹಾಗಾಗಿ ಅದೇ ಸರಿ ಎಂದು ಮೂರನೆಯವಳು ತೀರ್ಪು ಕೊಟ್ಟಳು. ಹದಿಮೂರು, ಹದಿನಾಲ್ಕರ ಮಕ್ಕಳು ಒಂದು ಕನ್ನಡ ಶಬ್ದದ ತೂಕ ನೋಡುತ್ತ ಐದು ನಿಮಿಷ ಜಗಳವಾಡಿದರು. ಇದು ಪರೀಕ್ಷೆಗಿಲ್ಲ. ಬೆಳಿಗ್ಗೆ ಇದೇ ಮಕ್ಕಳ ಕನ್ನಡ ಪೀರಿಯಡ್ಡಿನಲ್ಲಿ ಹಿಂದೆ ಕೂತಿದ್ದೆ. ಸಮಾನಾರ್ಥಕ ಪದಗಳು ಎಂಬ ಶೀರ್ಷಿಕೆಯ ಕೆಳಗೆ ತಪ್ಪು, ಅಪರಾಧ, ಪ್ರಮಾದ ಮೂರನ್ನೂ ಒಂದೇ ಸಾಲಿನಲ್ಲಿ ಬರೆಸಿದ್ದರು.

ಯಕ್ಷಗಾನದ ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಶಬ್ದ ಬರಕೂಡದು. ಇದನ್ನು ಯಾರೂ ಕಾನೂನು ಮಾಡಿ ಹೇರಿದ್ದಲ್ಲ, ಕೇಳುವವರೇ ಒಪ್ಪುವುದಿಲ್ಲ. ಪದ್ಯ ಭಾಗವತರದು, ಬರೆದಿಟ್ಟದ್ದು. ಮಾತು ವೇಷಧಾರಿಯದು, ಅಲ್ಲೇ ಹುಟ್ಟಬೇಕಾದದ್ದು. ಶಾಲೆಯ ಮಕ್ಕಳಿಗೆ ಮೊದಲು ಅರ್ಥ ಬರೆದುಕೊಡುತ್ತಾರೆ, ಅವರು ಬಾಯಿಪಾಠ ಮಾಡುತ್ತಾರೆ. ಎರಡನೇ ವರ್ಷಕ್ಕೆ ಬಂದವರು ಬರೆದುಕೊಟ್ಟದ್ದರ ಹೊರಗೆ ಮೆಲ್ಲಗೆ ಒಂದು ವಾಕ್ಯ ಜಾರಿಸಿ ಗುರುಗಳ ಮುಖ ನೋಡುತ್ತಾರೆ. ಬೈಗುಳ ಬರದಿದ್ದರೆ ಅದು ಅವರದೇ ಆಗುತ್ತದೆ.

ಕಾರಿಡಾರಿನ ಗೋಡೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಬರೆದ ಶಿವರಾಮ ಕಾರಂತರ ಚಿತ್ರವಿದೆ, ಬಿಳಿ ಕೂದಲು ಹಾರಿದಂತೆ. ಅವರ ಕೋಟ ಇಲ್ಲಿಂದ ದೂರವಿಲ್ಲ. ‘ಯಕ್ಷಗಾನ ಬಯಲಾಟ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1959ರಲ್ಲಿ. ಮಕ್ಕಳಿಗೆ ಪುತ್ತೂರಿನಲ್ಲಿ ಬಾಲವನ ಕಟ್ಟಿದವರೂ ಅವರೇ. ಆದರೆ ತಮ್ಮ ಬ್ಯಾಲೆಗಳಲ್ಲಿ ಅವರು ಈ ಮಾತಿನ ಭಾಗವನ್ನೇ ತೆಗೆದುಹಾಕಿದ್ದರು. ಕುಣಿತ, ಹಾಡು, ಬಣ್ಣ ಇದ್ದರೆ ಸಾಕೆಂದು. ಕಾರಂತರ ಜೊತೆ ಜಗಳಕ್ಕೆ ನಿಲ್ಲುವ ಧೈರ್ಯ ನನಗಿಲ್ಲ. ಈ ಸಭಾಂಗಣದಲ್ಲಿ ಮಾತು ತೆಗೆದರೆ ಉಳಿಯುವುದು ತಾಳಬದ್ಧ ಪಿ.ಟಿ. ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಬಾಗಿಲಲ್ಲಿ ಒಬ್ಬ ತಾಯಿ ಬಂದು ನಿಂತಿದ್ದಾರೆ. ಕೊಡೆಯಿಂದ ನೀರು ಸೋರುತ್ತಿದೆ. ಅರ್ಜುನನ ತಾಯಿ. ಮಗಳು ಇಲ್ಲಿಲ್ಲವೆಂದು ತಿಳಿದು ಅವರ ಮುಖ ಮೊದಲು ಹಗುರಾಯಿತು, ಆಮೇಲೆ ಗೊಂದಲಕ್ಕೆ ಬಿತ್ತು. ಹತ್ತನೇ ಕ್ಲಾಸಲ್ಲಿ ಇದೊಂದು ಬೇಡವಿತ್ತು ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಆಮೇಲೆ ತಾವೇ ತಿದ್ದಿಕೊಂಡರು. “ಅವಳ ಅಜ್ಜ ಮೇಳದಲ್ಲಿದ್ದವರು. ಬಿಡು ಅಂತ ಹೇಳಲಿಕ್ಕೆ ಬಾಯಿ ಬರುವುದಿಲ್ಲ.” ಒಂದಕ್ಕಿಂತ ಹೆಚ್ಚು ಪರೀಕ್ಷೆಗೆ ಅವಕಾಶವಿದೆಯಲ್ಲ ಈಗ, ಎಂದೆ ನಾನು, 2024ರಿಂದ ಬಂದ ಪದ್ಧತಿ ನೆನೆದು. ಅವರು ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ. ಈ ಜಿಲ್ಲೆಯಲ್ಲಿ ಎರಡನೇ ಪರೀಕ್ಷೆಯ ಮಾತೆತ್ತುವುದು ಮದುವೆ ಮನೆಯಲ್ಲಿ ವಿಚ್ಛೇದನದ ಮಾತೆತ್ತಿದ ಹಾಗೆ.

ಐದು ಗಂಟೆ ಐದು ನಿಮಿಷ. ಮೆಟ್ಟಿಲಿನಲ್ಲಿ ದಡಬಡ ಸದ್ದು. ಅರ್ಜುನ ಬಂದಳು. ಬೆನ್ನಿಗೆ ಬ್ಯಾಗು, ಕೈಯಲ್ಲಿ ಇನ್ನೂ ವಿಜ್ಞಾನದ ನೋಟ್ಸು. ಅಮ್ಮನನ್ನು ನೋಡಿದಳು, ಹತ್ತು ಬೆರಳು ಬಿಡಿಸಿ ತೋರಿಸಿದಳು, ಹತ್ತೇ ನಿಮಿಷ ಎಂದು. ಬ್ಯಾಗನ್ನು ಖಾಲಿ ಕುರ್ಚಿಯ ಮೇಲೆ ಇಟ್ಟು, ಕುರ್ಚಿಯನ್ನು ಪಕ್ಕಕ್ಕೆ ಒದ್ದು, ಆ ಜಾಗದಲ್ಲಿ ನಿಂತಳು.

ವೇಷವಿಲ್ಲ. ಅರದಳ, ಇಂಗಳೀಕ, ಕಾಡಿಗೆ ಯಾವುದೂ ಇಲ್ಲ, ಮುಂಡಾಸು ಇಲ್ಲ. ನೀಲಿ ಚೂಡಿದಾರದ ಯೂನಿಫಾರ್ಮು, ಕೊರಳಲ್ಲಿ ಐ.ಡಿ. ಕಾರ್ಡು. ಪದ್ಯ ಮುಗಿಯುವವರೆಗೆ ಅವಳು ಅಲುಗಲಿಲ್ಲ. ಆಮೇಲೆ ತಲೆಯನ್ನು ಒಂದಿಷ್ಟೇ ಎತ್ತಿ, ಎದುರು ಬಾಗಿ ನಿಂತ ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನನಗೆ ಗೊತ್ತಿದ್ದ ಕಥೆಯೇ. ತಂದೆ ಮಗನನ್ನು ಒಪ್ಪುವುದಿಲ್ಲ, ಹೀಯಾಳಿಸುತ್ತಾನೆ, ಅಲ್ಲಿಂದ ಯುದ್ಧ. ಆದರೂ ಅವಳು ಬಾಯಿ ತೆರೆಯುವ ಮುಂಚೆ ಸಭಾಂಗಣದಲ್ಲಿ ಮಳೆಯೊಂದೇ ಕೇಳುತ್ತಿತ್ತು.

“ಮಗನೇ? ಯಾರಿಗೆ ಯಾರು ಮಗ? ಕುದುರೆ ಕಟ್ಟುವಾಗ ಕ್ಷತ್ರಿಯ, ಬಿಚ್ಚುವಾಗ ಮಗ. ಹೆದರಿಕೆ ಹುಟ್ಟಿದ ಗಳಿಗೆಯಲ್ಲಿ ನಾನು ನಿನಗೆ ತಂದೆಯಾದೆನೋ?”

ಗುರುಗಳು ಬರೆದುಕೊಟ್ಟ ಹಾಳೆ ನನ್ನ ತೊಡೆಯ ಮೇಲಿತ್ತು. ಕೊನೆಯ ವಾಕ್ಯ ಅದರಲ್ಲಿ ಇಲ್ಲ. ಗುರುಗಳ ಮುಖ ನೋಡಿದೆ. ಅವರು ಬೈರಾಸಿನ ತುದಿಯಿಂದ ತಾಳ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ, ಬೈಯಲೂ ಇಲ್ಲ. ಅವಳು ತಿಳಿದುಕೊಂಡಳು. ಬಾಗಿಲಲ್ಲಿ ತಾಯಿ ಕೊಡೆ ಮಡಚಿ ಒಳಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತರು.

ಬಬ್ರುವಾಹನ ಕೆರಳಬೇಕು. ಹುಡುಗನ ಕಿವಿ ನಿಜಕ್ಕೂ ಕೆಂಪಾಗಿತ್ತು. ಚೆಂಡೆ ಏರಿತು, ಅರಸಿನದ ಮೊಣಕಾಲು ಮರೆತು ಅವನು ಹಾರಿದ. ಹತ್ತು ನಿಮಿಷ ಇಪ್ಪತ್ತೈದಾಯಿತು. ಎರಡನೇ ಟ್ರಿಪ್ಪಿನ ಬಸ್ಸು ಮೂರು ಸಲ ಹಾರನ್ ಹೊಡೆದ ಮೇಲೆ ಗುರುಗಳು ಎದ್ದು, ಚೆಂಡೆಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದೆಸಿ, ಸ್ಕೂಟರಿನ ಹಿಂದೆ ಕಟ್ಟಿದರು.

ನಾನೂ ಹೆದ್ದಾರಿಯವರೆಗೆ ಅದೇ ಬಸ್ಸು ಹತ್ತಿದೆ. ಕಿಟಕಿಯ ಗಾಜೆಲ್ಲ ಮಂಜಾಗಿದೆ, ಒಳಗೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ಅರ್ಜುನ ಅಮ್ಮನ ಪಕ್ಕ ಕೂತು ನೋಟ್ಸು ತೆರೆದಿದ್ದಾಳೆ. ಕೊನೆಗೆ ಹತ್ತಿದ ಬಬ್ರುವಾಹನನ ಸೀಟಿನಲ್ಲಿ ಐದನೆಯವನೊಬ್ಬ ಆರಾಮಾಗಿ ಕೂತು ಕುರ್ಕುರೆ ತಿನ್ನುತ್ತಿದ್ದಾನೆ.

“ಎಲವೋ ಬಾಲಕ! ಯಾರ ಆಸನವೆಂದು ತಿಳಿದು ಕುಳಿತೆ?”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಐದನೆಯವನು ತಿನ್ನುವುದನ್ನು ನಿಲ್ಲಿಸಿ ಒಂದು ಕ್ಷಣ ಯೋಚಿಸಿದ. ಪೊಟ್ಟಣವನ್ನು ಮೇಲೆತ್ತಿ ಹಿಡಿದ.

“ಕಾಣಿಕೆ ಸ್ವೀಕರಿಸಬೇಕು, ಪ್ರಭೂ.”

“ಕೂಕೊ ಮಾರಾಯ,” ಎಂದು ಡ್ರೈವರು ಗೇರು ಹಾಕಿದ.