ಧಾರವಾಡದ ಅಟ್ಟ

ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು, ಕಿತ್ತೂರಿನ ಹಾಳುಕೋಟೆಯನ್ನು ಕಂಡು ಮುಂದೆ ಸಾಗುವ ಪ್ರವಾಸಿಗೆ ಧಾರವಾಡ ದೂರವಲ್ಲ. ಅಲ್ಲಿಗೆ ಹೋದವರು ಪೇಢೆ ಕೊಳ್ಳದೆ ಮರಳುವುದು ಅಪರೂಪ. ಆದರೆ ಸುಭಾಸ ರಸ್ತೆಯ ಅಟ್ಟವೊಂದರ ಕಥೆಯನ್ನು ತಿಳಿಯದೆ ಮರಳಿದವರು ಊರನ್ನು ಅರ್ಧವೇ ಕಂಡಂತೆ.

ಬರಹಗಾರರು ಕೂಡುವ ತಾಣ ದೇಶದೇಶಕ್ಕೆ ಬೇರೆ. ಆಕ್ಸ್‌ಫರ್ಡಿನಲ್ಲಿ ಟೋಲ್ಕಿನ್, ಲೂಯಿಸ್ ಮೊದಲಾದ ಗೆಳೆಯರು ಮಂಗಳವಾರಗಳಂದು 'ಈಗಲ್ ಅಂಡ್ ಚೈಲ್ಡ್' ಎಂಬ ಪಾನಗೃಹದಲ್ಲಿ ಸೇರುತ್ತಿದ್ದರು. ಧಾರವಾಡದ ಸಾಹಿತಿಗಳಿಗೆ ಪ್ರಕಾಶಕರೊಬ್ಬರ ಅಟ್ಟವೇ ಅಂಥ ತಾಣವಾಯಿತು.

ಅದರ ಬೇರು ಇರುವುದು 1920ರ ದಶಕದ 'ಗೆಳೆಯರ ಗುಂಪಿ'ನಲ್ಲಿ. ದ. ರಾ. ಬೇಂದ್ರೆಯವರ ಸುತ್ತ ನೆರೆದ ಆ ಬಳಗಕ್ಕೆ ಸವದತ್ತಿ ಸೀಮೆಯ ಗುರ್ಲಹೊಸೂರು ಶಂ. ಬಾ. ಜೋಶಿಯವರನ್ನು ಕೊಟ್ಟಿತು, ಗೋಕಾಕ ತಾಲೂಕಿನ ಬೆಟಗೇರಿ ಕೃಷ್ಣಶರ್ಮರನ್ನು ಕೊಟ್ಟಿತು. ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿ, ಮರಾಠಿಯ ನೆರಳಿನಲ್ಲಿದ್ದ ಕಾಲವದು. ಕನ್ನಡದಲ್ಲಿ ಬರೆಯುವವನಿಗೆ ರಾಜಾಶ್ರಯವಿರಲಿಲ್ಲ. ಗೆಳೆಯರ ಕಿವಿಯೇ ಆಶ್ರಯ. ಸರಕಾರದ ಕಿವಿಯೂ ಚುರುಕಾಗಿತ್ತೆನ್ನಬೇಕು: 'ನರಬಲಿ' ಕವಿತೆಗಾಗಿ 1932ರಲ್ಲಿ ಬೇಂದ್ರೆಯವರು ಹಿಂಡಲಗಾ ಸೆರೆಮನೆಯನ್ನು ಕಾಣಬೇಕಾಯಿತು.

ಮರುವರ್ಷ ಅದೇ ಬಳಗದ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಚಂದಾದಾರರನ್ನು ಕೂಡಿಸಿ ಪುಸ್ತಕ ಹೊರತರುವುದು ಅದರ ಕ್ರಮ. ಈ ಗ್ರಂಥಮಾಲೆಯ ಅಟ್ಟವೇ ಮುಂದಿನ ತಲೆಮಾರಿನ ಗೋಷ್ಠಿಯ ಮನೆಯಾಯಿತು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಅದರ ಜೀವಾಳ.

ಅಲ್ಲಿಯ ಮಾತು ಬರಿಯ ಹರಟೆಯಾಗಿ ಮುಗಿಯಲಿಲ್ಲವೆಂಬುದಕ್ಕೆ ಸಾಕ್ಷಿಯಿದೆ. ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗಲೇ, 1961ರಲ್ಲಿ, ಗ್ರಂಥಮಾಲೆ ಅವರ ಮೊದಲ ನಾಟಕ 'ಯಯಾತಿ'ಯನ್ನು ಪ್ರಕಟಿಸಿತು. ಇತಿಹಾಸವನ್ನು ಇಂದಿನ ಕಣ್ಣಿನಿಂದ ಕಂಡ ನಾಟಕ ನಮ್ಮಲ್ಲಿಲ್ಲವೆಂಬ ಕುರ್ತಕೋಟಿಯವರ ಆಕ್ಷೇಪ ತರುಣ ನಾಟಕಕಾರರ ಮನಸ್ಸನ್ನು ಚುಚ್ಚಿತು. ಅವರು ಇತಿಹಾಸದ ಪುಸ್ತಕಗಳನ್ನು ಬಿಚ್ಚಿ ಕುಳಿತರು; 1964ರಲ್ಲಿ 'ತುಘಲಕ್' ಬಂದಿತು. ಅನಂತಮೂರ್ತಿಯವರ 'ಸಂಸ್ಕಾರ'ವೂ 1965ರಲ್ಲಿ ಇದೇ ಗ್ರಂಥಮಾಲೆಯಿಂದ ಹೊರಬಿದ್ದಿತು.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಬೇಂದ್ರೆಯವರ ಮನೆಮಾತು ಮರಾಠಿ, ಕಾರ್ನಾಡರದು ಕೊಂಕಣಿ. ಕಾರ್ನಾಡರಿಗಂತೂ ಇಂಗ್ಲಿಷ್ ಕವಿಯಾಗುವ ಹಂಬಲವಿತ್ತು. ಇಬ್ಬರೂ ಕನ್ನಡಕ್ಕೆ ಒಲಿದರು, ಉಳಿದರು. ಬರೆದುದನ್ನು ಅಕ್ಕರೆಯಿಂದ ಕೇಳಿ, ಸರಿಯಿಲ್ಲವಾದರೆ ನಿಷ್ಠುರವಾಗಿ ಹೇಳುವ ನಾಲ್ವರು ಕನ್ನಡದಲ್ಲಿ ಸಿಕ್ಕಿದ್ದು ಅದಕ್ಕೊಂದು ಕಾರಣವಾಗಿರಬೇಕು. ಅಂಥ ನಾಲ್ವರು ಕೂಡಲು ಭವನವೇ ಬೇಕೆಂದಿಲ್ಲ. ಬೈಲಹೊಂಗಲದಲ್ಲಾಗಲಿ, ರಾಮದುರ್ಗದಲ್ಲಾಗಲಿ, ಯಾರ ಮನೆಯ ಅಟ್ಟವಾದರೂ ಆದೀತು.