ಚಮ್ಮಾವುಗೆಯ ಸೀಮೆಯಲ್ಲಿ ಒಂದು ದಿನ

ಪ್ರವಾಸವೆಂದರೆ ಕಾಶಿ, ಶ್ರೀಶೈಲಗಳಂತಹ ದೂರದ ಕ್ಷೇತ್ರಗಳನ್ನೇ ಎಣಿಸುವ ವಾಡಿಕೆ ನಮ್ಮ ಮನೆಗಳಲ್ಲಿದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದಾದ ನೆರೆಯ ಊರುಗಳಿಗೆ ಮದುವೆ, ಸಂತೆ, ಕಚೇರಿಯ ಕೆಲಸಗಳ ನೆಪವಿಲ್ಲದೆ ಹೋಗುವವರು ವಿರಳ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಈ ಐದು ತಾಲೂಕುಗಳಲ್ಲಿ ಕಬ್ಬಿನ ಹಂಗಾಮಿನ ಒಂದು ಭಾನುವಾರ ನಾವು ಸಂಚರಿಸಿ ಬಂದೆವು. ಅಲ್ಲಿ ಕಂಡದ್ದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಈ ಪ್ರವಾಸಕ್ಕೆ ಕಾರಣವಾದುದು ಅಂಗೈಯಲ್ಲಿಯ ಫೋನು. 2020ರ ಲಾಕ್‌ಡೌನ್ ದಿನಗಳಲ್ಲಿ ದಿನಕ್ಕೊಂದು ವಚನವನ್ನೋದಿ ಅರ್ಥ ಹಂಚಿಕೊಳ್ಳುವ ವಾಟ್ಸ್‌ಆ್ಯಪ್ ಬಳಗವೊಂದರಲ್ಲಿ ನಾಲ್ಕು ಮನೆಯವರು ಪರಸ್ಪರ ಪರಿಚಿತರಾದೆವು. ಒಬ್ಬರ ಮುಖವನ್ನೊಬ್ಬರು ನೇರವಾಗಿ ಕಾಣದಿದ್ದರೂ ಮಕ್ಕಳ ಪರೀಕ್ಷೆ, ಹಿರಿಯರ ಕಾಯಿಲೆ, ಹೊಲದ ಬೆಳೆಗಳ ಸುದ್ದಿ ಪ್ರತಿನಿತ್ಯ ತಿಳಿಯುತ್ತಿತ್ತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ದೇಶದೆಲ್ಲೆಡೆಯಂತೆ ನಮ್ಮ ಬಳಗದಲ್ಲೂ ಆಕ್ರೋಶ ಉಕ್ಕಿ ಹರಿಯಿತು. ಆಗ ನಿಪ್ಪಾಣಿಯ ನಿವೃತ್ತ ಶಿಕ್ಷಕಿಯೊಬ್ಬರು ಒಂದೇ ಸಾಲು ಬರೆದರು: "ಇಷ್ಟು ಮಂದಿ ಸಿಟ್ಟಾಗೀರಿ, ಚಪ್ಪಲಿ ಮಾಡೋರ ಮನಿಗೆ ಯಾರರ ಹೋಗೀರೇನ್ರಿ?" ಬಳಗ ಮೌನವಾಯಿತು. ಆ ಪ್ರಶ್ನೆಯೇ ನಮ್ಮನ್ನು ದಾರಿಗೆ ಹಚ್ಚಿತು.

ನಿಪ್ಪಾಣಿಯಲ್ಲಿ ಎಲ್ಲರೂ ಕೂಡಿದೆವು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಈ ಊರು ತಂಬಾಕಿನ ಪೇಟೆಯೆಂದು ಪ್ರಸಿದ್ಧ. 1981ರಲ್ಲಿ ಶರದ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಇದೇ ಹೆದ್ದಾರಿಯನ್ನು ತಡೆದು ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ಹಲವು ರೈತರು ಪ್ರಾಣ ತೆತ್ತರು. ಅದಕ್ಕೂ ಹಿಂದೆ, 1925ರ ಏಪ್ರಿಲ್‌ನಲ್ಲಿ, ಡಾ. ಬಾಬಾಸಾಹೇಬ ಅಂಬೇಡ್ಕರರು ಇಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಆ ಘಟನೆಗೆ ಈಗ ನೂರು ವರ್ಷ ಸಂದಿದೆ. ನಮ್ಮೊಡನಿದ್ದ ಕಾಲೇಜು ಹುಡುಗಿಗೆ ತನ್ನೂರಿನ ಸಮೀಪದಲ್ಲೇ ಇಂಥದು ನಡೆದಿತ್ತೆಂಬುದು ಅಂದೇ ತಿಳಿಯಿತು.

ಅಲ್ಲಿಂದ ಚಿಕ್ಕೋಡಿಯ ದಾರಿ ಹಿಡಿದೆವು. ದಾರಿಯ ಎರಡು ಬದಿಗೂ ಕಬ್ಬಿನ ಹೊಲಗಳು. ಊರಿನ ಫಲಕಗಳಲ್ಲಿ ಕನ್ನಡ, ಜನರ ಬಾಯಲ್ಲಿ ಕನ್ನಡ-ಮರಾಠಿ ಎರಡೂ. ಈ ಸೀಮೆ ದೊಡ್ಡ ಪಾದಚಾರಿಗಳನ್ನು ನಾಡಿಗೆ ನೀಡಿದೆ. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು, 1946ರಲ್ಲಿ ಸದಲಗೆಯಲ್ಲಿ ಜನಿಸಿ 2024ರಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರು, 1925ರಲ್ಲಿ ಶೇಡಬಾಳದಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದರು, ಈ ಮೂವರು ಜೈನ ಮುನಿಗಳೂ ಇದೇ ಮಣ್ಣಿನವರು. ಬರಿಗಾಲಿನಲ್ಲಿ ನಡೆದವರನ್ನೂ, ಕಾಲಿಗೆ ರಕ್ಷೆ ಹೊಲಿದವರನ್ನೂ ಹಡೆದ ನೆಲವಿದು. ಮೊದಲಿನವರಿಗೆ ನಾವು ಅಡ್ಡಬೀಳುತ್ತೇವೆ. ಎರಡನೆಯವರ ಹೆಸರು ನಮಗೆ ಗೊತ್ತಿರುವುದಿಲ್ಲ.

ರಾಯಬಾಗವು ಸ್ವಾತಂತ್ರ್ಯಪೂರ್ವದಲ್ಲಿ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1902ರ ಜುಲೈ 26ರಂದು ಶಾಹು ಮಹಾರಾಜರು ಸಂಸ್ಥಾನದ ನೌಕರಿಗಳಲ್ಲಿ ಶೇಕಡ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಆಜ್ಞೆಯು ಹೊರಟದ್ದು ಈ ಊರನ್ನಾಳುತ್ತಿದ್ದ ಅರಮನೆಯಿಂದಲೇ. ಇದೇ ತಾಲೂಕಿನ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಮಹಾರಾಷ್ಟ್ರದ ಭಕ್ತರು ಚಕ್ಕಡಿ ಹೂಡಿಕೊಂಡು ಬರುತ್ತಾರೆ. ದೇವಿಯ ಮುಂದೆ ಗಡಿಯ ಮಾತಿಲ್ಲ.

ಕುಡಚಿಯ ಬಳಿ ಕೃಷ್ಣೆಯನ್ನು ದಾಟಿದೆವು. ಚಳಿಗಾಲದಲ್ಲಿ ಸೌಮ್ಯಳಾಗಿ ಹರಿಯುವ ಈ ತಾಯಿ 2019ರ ಆಗಸ್ಟ್‌ನಲ್ಲಿ ಎರಡೂ ದಂಡೆಯ ಊರುಗಳನ್ನು ಮುಳುಗಿಸಿದ್ದಳು. ಆ ವಾರ ನಮ್ಮ ಬಳಗ ಇನ್ನೂ ಹುಟ್ಟಿರಲಿಲ್ಲ. ಆದರೆ ನದಿಯಾಚೆಯ ಬಂಧುವಿನ ಕ್ಷೇಮ ತಿಳಿಯಲು ಜನರಿಗೆ ಫೋನೊಂದೇ ಗತಿಯಾಗಿತ್ತು. ಫೋನನ್ನು ಸುಮ್ಮನೆ ಹಳಿಯುವವರು ಇದನ್ನು ನೆನೆಯಬೇಕು.

ನದಿ ದಾಟಿದರೆ ಕಾಗವಾಡ ತಾಲೂಕು. 1939ರಲ್ಲಿ ಆರಂಭವಾದ ಉಗಾರ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ರಸ್ತೆಯ ಪಕ್ಕದ ಬಯಲಿನಲ್ಲಿ ಕಬ್ಬು ಕಡಿಯಲು ಬಂದವರ ಗುಡಿಸಲುಗಳು. ತಾಯಂದಿರು ನಸುಕಿನಲ್ಲೇ ಹೊಲಕ್ಕೆ ಹೋಗಿದ್ದರು. ಶಾಲೆಯಲ್ಲಿರಬೇಕಾದ ವಯಸ್ಸಿನ ಹುಡುಗಿ ಕೂಸನ್ನೆತ್ತಿಕೊಂಡು ನಿಂತಿದ್ದಳು. ಹಂಗಾಮು ಮುಗಿಯುವವರೆಗೂ ಅವಳ ಪಾಟಿ ಚೀಲ ಊರಿನಲ್ಲೇ ಉಳಿದಿರುತ್ತದೆ. ಹಬ್ಬದ ಹೋಳಿಗೆಯ ಸವಿಯ ಹಿಂದೆ ಇದೂ ಇದೆ.

ಅಥಣಿಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಮೊದಲು ಗಚ್ಚಿನಮಠಕ್ಕೆ ಹೋಗಿ ಶ್ರೀ ಮುರುಘೇಂದ್ರ ಶಿವಯೋಗಿಗಳ (1836-1921) ಸನ್ನಿಧಿಯಲ್ಲಿ ಕುಳಿತೆವು. ಲೋಕಮಾನ್ಯ ತಿಲಕರೂ ಈ ಮಹಾತ್ಮರ ದರ್ಶನಕ್ಕೆ ಬಂದಿದ್ದರು. ಬಳಿಕ ಪ್ರವಾಸದ ಮುಖ್ಯ ಉದ್ದೇಶದಂತೆ ಚಪ್ಪಲಿ ತಯಾರಕರ ಓಣಿಗೆ ಹೊರಟೆವು.

"ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಸಮಗಾರ ಕುಟುಂಬದ ತಾಯಿಯೊಬ್ಬರು ಚಾಪೆ ಹಾಸಿದರು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ಚರ್ಮ. ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಗೆ. ಅಟ್ಟೆ ಕತ್ತರಿಸಿ ಹೊಲಿಯುವುದು ಗಂಡಸರ ಕೆಲಸ. ಮೇಲಿನ ಪಟ್ಟಿಗೆ ಜಡೆ ಹೆಣೆಯುವುದು ಹೆಂಗಸರ ಕೈಚಳಕ. ಹೆಸರು ಕೊಲ್ಹಾಪುರದ್ದಾದರೂ ಬೆವರು ಅಥಣಿ, ಮದಭಾವಿ, ನಿಪ್ಪಾಣಿಗಳದೂ ಹೌದು. ಈ ಚಪ್ಪಲಿಯ ಭೌಗೋಳಿಕ ಸೂಚಕವು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳಿಗೂ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸಮನಾಗಿ ಸೇರಿದೆ. ಗಡಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದ ಎರಡು ರಾಜ್ಯಗಳು ಒಂದು ಜೊತೆ ಚಪ್ಪಲಿಯಲ್ಲಿ ಕೂಡಿವೆ. ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು 2,000 ಜೊತೆ ತಯಾರಿಸುವುದಾಗಿ ಪ್ರಾಡಾ ಸಂಸ್ಥೆಯು 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಜೊತೆಯೊಂದರ ಬೆಲೆ ಸುಮಾರು 800 ಯೂರೋ. ಎರಡೂವರೆ ದಶಕಗಳ ಹಿಂದೆಯೇ ಅಥಣಿಯ ಮಹಿಳೆಯರು ಸ್ವಸಹಾಯ ಸಂಘಗಳಾಗಿ ಕೂಡಿ 'ಟೋಹೋಲ್ಡ್' ಎಂಬ ಹೆಸರಿನಲ್ಲಿ ವಿದೇಶಗಳಿಗೆ ಚಪ್ಪಲಿ ಕಳುಹಿಸಿ ದಾರಿ ತೋರಿದ್ದರು.

ಇಷ್ಟಾದರೂ ಮಗ ಈ ಕೆಲಸ ಕಲಿತಿಲ್ಲವೇ ಎಂದು ಕೇಳಿದೆವು. ಆ ತಾಯಿ ಹೆಣೆಯುವುದನ್ನು ನಿಲ್ಲಿಸದೆಯೇ ಹೇಳಿದರು: "ರೊಕ್ಕದ ಮಾತು ಆಮ್ಯಾಲಿರಲಿ, ಯಕ್ಕಾ. ಈ ಕೆಲಸ ಮಾಡ್ತಾನ ಅಂದ್ರ ಮಂದಿ ಬ್ಯಾರೇ ಕಣ್ಣಿಲೆ ನೋಡ್ತಾರ. ಅದಕ್ಕ ಪುಣೇಕ ಹೋದ." ಅಷ್ಟರಲ್ಲಿ ಸೊಸೆ ಚಹಾ ತಂದರು. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ನಮ್ಮ ಗುಂಪಿನ ಎಲ್ಲರಿಗಿಂತ ಹಿರಿಯರು, ಲಿಂಗಪೂಜೆಯಾಗದೆ ನೀರು ಮುಟ್ಟದ ತಾಯಿ, ಎಲ್ಲರಿಗಿಂತ ಮೊದಲು ಕೈ ಚಾಚಿ ಕಪ್ಪು ತೆಗೆದುಕೊಂಡರು. "ಭಾಳ ಛಲೋ ಆಗೇದವ್ವ ಚಹಾ" ಎಂದರು. ಮಕ್ಕಳು ಅದನ್ನು ನೋಡಿದರು. ಯಾವ ಉಪನ್ಯಾಸವೂ ಅವರಿಗೆ ಅಷ್ಟನ್ನು ಕಲಿಸಲಾರದು.

ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿಕೊಟ್ಟರೆಂದೂ, ಅವನ್ನು ಮೆಟ್ಟದೆ ಬಸವಣ್ಣನವರು ತಲೆಯ ಮೇಲೆ ಹೊತ್ತರೆಂದೂ ಶರಣ ಪರಂಪರೆ ಹೇಳುತ್ತದೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಯೇ ಕಲ್ಯಾಣದಲ್ಲಿ ಶರಣರು ರಕ್ತ ಹರಿಸಲು ಕಾರಣವಾಯಿತು. ಆ ಕಥೆಯನ್ನು ನಾವು ಪುರಾಣ ಪ್ರವಚನಗಳಲ್ಲಿ ಕಣ್ಣೀರಿಟ್ಟು ಕೇಳುತ್ತೇವೆ. ಹರಳಯ್ಯನವರ ಕಾಯಕವನ್ನು ಇಂದಿಗೂ ಮಾಡುತ್ತಿರುವವರ ಮನೆ ನಮ್ಮ ಊರಿನಿಂದ ಒಂದೆರಡು ತಾಸಿನ ದಾರಿ. ಇಟಲಿಯವರು ಹೆಸರು ಹೇಳಲಿಲ್ಲವೆಂದು ಕೋಪಗೊಂಡ ಸಮಾಜವು, ತನ್ನ ಓಣಿಯಲ್ಲಿ ಆ ಹೆಸರನ್ನು ಗೌರವದಿಂದ ಕರೆಯುತ್ತಿದೆಯೇ ಎಂದು ಕೇಳಿಕೊಳ್ಳುವುದು ಉಚಿತ.

ಫೋನಿನಲ್ಲಿ ಕೂಡಿದ ಸ್ನೇಹ ಸುಳ್ಳಲ್ಲ; ಅದು ನಮ್ಮನ್ನು ಆ ಹೊಸ್ತಿಲಿನವರೆಗೆ ಕರೆತಂದಿತು. ಹೊಸ್ತಿಲು ದಾಟಿ ಚಾಪೆಯ ಮೇಲೆ ಕುಳಿತು ಕೊಟ್ಟದ್ದನ್ನು ಕುಡಿಯುವ ಕೆಲಸವನ್ನು ಮಾತ್ರ ಫೋನು ಮಾಡಲಾರದು. ರಜೆಯ ಒಂದು ದಿನ ಓದುಗ ಬಂಧುಗಳು ಮಕ್ಕಳನ್ನು ಕರೆದುಕೊಂಡು ಈ ಸೀಮೆಗೆ ಹೋಗಿಬರಲಿ. ಒಂದು ಜೊತೆ ಚಪ್ಪಲಿಯನ್ನು ಮಾಡಿದವರ ಕೈಯಿಂದಲೇ, ಚೌಕಾಶಿ ಮಾಡದೆ ಕೊಳ್ಳಲಿ. ಹಾಗೆಯೇ ಅವರ ಹೆಸರನ್ನೂ ಕೇಳಿಕೊಂಡು ಬರಲಿ.