ಎರಡನೆಯ ಜೊತೆ ಕಾಲುಚೀಲ

ನನ್ನ ತಂಗಿಯ ಮಗನಿಗೆ ನಾನು ಶಾಲೆಯಲ್ಲಿ ಮೇಷ್ಟ್ರು, ಮನೆಯಲ್ಲಿ ಸೋದರಮಾವ. ಎಂಟನೆಯ ತರಗತಿಯಲ್ಲಿ ಅವನಿಗೆ ಉಷ್ಣದ ಪಾಠ ಮಾಡಿದವನು ನಾನೇ. ಗಾಳಿಯು ಉಷ್ಣವನ್ನು ಸುಲಭವಾಗಿ ಸಾಗಿಸದು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮನ್ನು ಬೆಚ್ಚಗಿಡುತ್ತದೆ. ಆದುದರಿಂದ ದಪ್ಪನೆಯ ಒಂದು ಅಂಗಿಗಿಂತ ತೆಳುವಾದ ಎರಡು ಅಂಗಿಗಳು ಮೇಲು. ಹೀಗೆಂದು ಅನೇಕ ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ನಿಮ್ಮಲ್ಲಿ ಹಲವರಿಗೆ ಅದು ನೆನಪಿರಬಹುದು. ಆ ಪಾಠದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಹೇಳದೆ ಬಿಟ್ಟ ಒಂದು ಮಾತಿತ್ತು. ಅದಕ್ಕೆ ಬೆಲೆ ತೆತ್ತವನು ನಮ್ಮ ಹುಡುಗ.

ಅವನಿರುವುದು ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿ. ಅಲ್ಲಿನ ರಾಕಿ ಪರ್ವತಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಹೇರಳವಾಗಿವೆ. ಬಲಿತ ಗಂಡು ಮುನ್ನೂರು ಕಿಲೋ ತೂಗುವುದುಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯೆಂದರೆ ಅಪರಾಧ. ಅಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು, ಋತು ಗೊತ್ತುಮಾಡಿ, ಆ ಹಣದಿಂದ ವನ್ಯಜೀವಿಗಳನ್ನು ನೋಡಿಕೊಳ್ಳುತ್ತದೆ. 2011ರ ನವೆಂಬರಿನಲ್ಲಿ ಸಹೋದ್ಯೋಗಿಯೊಬ್ಬರು ಕರೆದರೆಂದು ಇವನೂ ಜೊತೆಗೆ ಹೊರಟ. ಬಂದೂಕು ಹಿಡಿಯಲಿಲ್ಲ, ಹೊರೆ ಹೊರಲು ನೆರವಾಗುವುದಷ್ಟೇ ಅವನ ಪಾಲು. ಆದರೂ ಸುದ್ದಿ ಕೇಳಿ ನನ್ನ ತಂಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹೊರಡುವ ಮುನ್ನ ದೂರವಾಣಿಯಲ್ಲಿ ಕೇಳಿದ: “ಮಾವ, ಬೆಳಗಿನ ಹೊತ್ತು ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿರುತ್ತದಂತೆ. ಚಳಿಯ ಬೂಟು ಕೊಂಡಿದ್ದೇನೆ. ಸಾಕಾಗಬಹುದೇ?”

ಶಿವಮೊಗ್ಗದ ಮನೆಯ ಜಗಲಿಯಲ್ಲಿ ತೋಳಿಲ್ಲದ ಬನಿಯನ್ನು ತೊಟ್ಟು ಕುಳಿತಿದ್ದ ನಾನು ಕ್ಷಣವೂ ಯೋಚಿಸದೆ ಹೇಳಿದೆ: “ಉಣ್ಣೆಯ ಕಾಲುಚೀಲ ಒಂದು ಜೊತೆ ಸಾಲದು, ಎರಡು ಜೊತೆ ಹಾಕಿಕೋ. ಪಾಠ ಮರೆತೆಯಾ?”

ಅವನು ಮರೆತಿರಲಿಲ್ಲ. ಹೇಳಿದಂತೆಯೇ ಮಾಡಿದ.

ಮುಂದೆ ನಡೆದುದು ನನಗೆ ಗೊತ್ತಾದದ್ದು ಮೂರು ವರ್ಷಗಳ ನಂತರ, 2014ರಲ್ಲಿ ನಾನು ಅವನ ಮನೆಗೆ ಹೋಗಿದ್ದಾಗ. ಹೊಸ ಬೂಟು ಕೊಳ್ಳಲು ಅಂಗಡಿಗೆ ಹೊರಟವನು ನನ್ನನ್ನೂ ಕರೆದೊಯ್ದ. ಅಳತೆ ನೋಡಲು ಕಾಲುಚೀಲ ತೆಗೆದಾಗ ಎಡಗಾಲಿನ ಕಿರುಬೆರಳು ಬಣ್ಣಗೆಟ್ಟು ಸೊರಗಿದ್ದುದು ಕಣ್ಣಿಗೆ ಬಿತ್ತು. ಮೊದಲು ಮಾತು ಹಾರಿಸಿದ. ಗದರಿ ಕೇಳಿದ ಮೇಲೆ ಹೇಳಿದ.

ಬೂಟು ಪಾದಕ್ಕೆ ಅಚ್ಚುಕಟ್ಟಾಗಿದ್ದುದು ಒಂದು ಜೊತೆ ಕಾಲುಚೀಲಕ್ಕೆ. ಎರಡನೆಯದು ಸೇರಿದಾಗ ಒಳಗೆ ಬೆರಳು ಅಲುಗಿಸಲೂ ಎಡೆಯಿರಲಿಲ್ಲ. ಕತ್ತಲಿರುವಾಗಲೇ ಬೆಟ್ಟ ಹತ್ತಿದಾಗ ಪಾದಗಳು ಬೆವರಿದವು. ಆಮೇಲೆ ಒಂದೆಡೆ ಮೂರು ಗಂಟೆ ಅಲುಗದೆ ಕುಳಿತರು. ಬೆರಳುಗಳು ಮೊದಲು ನೊಂದವು, ನಂತರ ನೋವು ನಿಂತಿತು. ಕಾಲು ಬೆಚ್ಚಗಾಯಿತೆಂದು ಅವನು ನೆಮ್ಮದಿಪಟ್ಟ. ನಿಜವಾದ ಅಪಾಯದ ಗುರುತೇ ಅದು. ಸಂಜೆ ಬಿಡಾರದಲ್ಲಿ ನೋಡಿದರೆ ಎರಡು ಬೆರಳುಗಳು ಮೇಣದಂತೆ ಬಿಳಿಚಿದ್ದವು. ಜೊತೆಗಿದ್ದವರು ತಿಳಿದವರು, ಉಜ್ಜಲು ಬಿಡದೆ, ಬೆಂಕಿಗೆ ಹಿಡಿಯಲೂ ಬಿಡದೆ, 37ರಿಂದ 39 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಕಾಲಿಡಿಸಿ, ಮರುದಿನ ವೈದ್ಯರಲ್ಲಿಗೆ ಕರೆದೊಯ್ದರು. ಬೆರಳು ಉಳಿಯಿತು. ಸ್ಪರ್ಶಜ್ಞಾನ ಮಾತ್ರ ಪೂರ್ತಿ ಮರಳಲಿಲ್ಲ.

ನಾನು ಹೇಳದೆ ಬಿಟ್ಟ ಮಾತು ಇದು: ಉಣ್ಣೆಯು ಉಷ್ಣವನ್ನು ಹುಟ್ಟಿಸದು, ಇರುವುದನ್ನು ಕಾಯುತ್ತದೆ. ಬೆರಳಿಗೆ ಉಷ್ಣವನ್ನು ತಂದುಕೊಡುವುದು ರಕ್ತ. ಬಿಗಿದ ಬೂಟಿನಲ್ಲಿ ಉಣ್ಣೆಯ ನಡುವಣ ಗಾಳಿಯೂ ಹೊರಟುಹೋಗುತ್ತದೆ, ರಕ್ತದ ಹರಿವೂ ಕುಗ್ಗುತ್ತದೆ. ಎರಡನೆಯ ಜೊತೆ ಕಾಲುಚೀಲ ಕಾವಲಾಗುವ ಬದಲು ಕಟ್ಟಾಯಿತು.

ಆ ದಿನ ಅಂಗಡಿಯಲ್ಲಿ ಅವನು ಮೇಷ್ಟ್ರಾದ, ನಾನು ವಿದ್ಯಾರ್ಥಿಯಾದೆ. ಬೂಟು ಕೊಳ್ಳಲು ಸಂಜೆಯೇ ಹೋಗಬೇಕಂತೆ. ದಿನವಿಡೀ ಓಡಾಡಿ ಪಾದ ತುಸು ಊದಿರುತ್ತದೆ. ಬೆಟ್ಟದಲ್ಲಿ ಹಾಕುವ ಕಾಲುಚೀಲವನ್ನೇ ತೊಟ್ಟು ಅಳತೆ ನೋಡಬೇಕು. ಇಳಿಜಾರು ಹಲಗೆಯ ಮೇಲೆ ಇಳಿದಾಗ ಬೆರಳು ಮುಂದಕ್ಕೆ ತಾಗಬಾರದು, ಹತ್ತಿದಾಗ ಹಿಮ್ಮಡಿ ಮೇಲೇಳಬಾರದು. ಬೂಟಿನ ಮೇಲೆ 200, 400, 800 ಗ್ರಾಂ ಎಂದು ಬರೆದಿರುವುದು ಬೂಟಿನ ತೂಕವಲ್ಲ. ಒಳಗಿನ ಶಾಖರಕ್ಷಕ ಪದರದ ಒಂದು ಚದರ ಮೀಟರಿನ ತೂಕ. ನಾನು 800ರ ಜೊತೆಯೊಂದನ್ನು ಎತ್ತಿಕೊಟ್ಟೆ. ಅವನು ನಕ್ಕು ಕೆಳಗಿಟ್ಟ. ಅದು ಒಂದೇ ಕಡೆ ಕುಳಿತು ಕಾಯುವವರಿಗೆ. ಬೆಟ್ಟ ಹತ್ತುವವನಿಗೆ ಅಷ್ಟು ದಪ್ಪವಿದ್ದರೆ ಪಾದ ಬೆವರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಉಷ್ಣವನ್ನು ಸಾಗಿಸುವುದರಿಂದ ಆ ಬೆವರೇ ಶತ್ರು. ಅವನು ಆರಿಸಿದ್ದು ಅರ್ಧ ಅಳತೆ ದೊಡ್ಡದಾದ 400 ಗ್ರಾಮಿನ ಬೂಟು, ದಪ್ಪನೆಯ ಉಣ್ಣೆಯ ಒಂದೇ ಜೊತೆ ಕಾಲುಚೀಲ. ಇನ್ನೊಂದು ಜೊತೆ ಚೀಲದಲ್ಲಿರುತ್ತದೆ, ಹತ್ತಿ ಮುಗಿದ ಮೇಲೆ ಒದ್ದೆಯಾದುದನ್ನು ಬದಲಿಸಿಕೊಳ್ಳಲು. ಹತ್ತಿಯ ಕಾಲುಚೀಲವಂತೂ ಕೂಡದು.

ಬರುವ ದಾರಿಯಲ್ಲಿ ಒಂದು ಕಥೆ ಹೇಳಿದ. ಮೇನ್ ರಾಜ್ಯದ ಎಲ್. ಎಲ್. ಬೀನ್ ಎಂಬಾತ, ಬೇಟೆಯಲ್ಲಿ ಕಾಲು ಒದ್ದೆಯಾಗಿ ಬೇಸತ್ತು, ಕೆಳಗೆ ರಬ್ಬರು, ಮೇಲೆ ಚರ್ಮವಿರುವ ಬೂಟನ್ನು ಹೊಲಿಸಿ 1912ರಲ್ಲಿ ಮಾರತೊಡಗಿದನಂತೆ. ಮೊದಲ ನೂರು ಜೊತೆಗಳಲ್ಲಿ 90 ಹೊಲಿಗೆ ಬಿಟ್ಟು ಹಿಂತಿರುಗಿ ಬಂದವು. ಆತ ಎಲ್ಲರ ಹಣವನ್ನೂ ಮರಳಿಸಿ, ಸಾಲ ಮಾಡಿ, ಬೂಟನ್ನು ಸರಿಪಡಿಸಿದ.

“ನನಗೇಕೆ ಆಗಲೇ ಹೇಳಲಿಲ್ಲ?” ಎಂದೆ.

“ನೀವು ನೊಂದುಕೊಳ್ಳುತ್ತಿದ್ದಿರಿ, ಮಾವ.”

ಅವನ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಆ ಮೂರು ಚಳಿಗಾಲಗಳಲ್ಲಿ ಉತ್ತರದ ದೇಶಗಳಿಗೆ ಹೊರಟ ಇನ್ನಿಬ್ಬರು ಹುಡುಗರಿಗೆ ನಾನು ಅದೇ ಸಲಹೆ ಕೊಟ್ಟಿದ್ದೆ. ಊರಿಗೆ ಮರಳಿದೊಡನೆ ಇಬ್ಬರಿಗೂ ಪತ್ರ ಬರೆದು ತಿದ್ದಿದೆ. ಪುಣ್ಯಕ್ಕೆ ಅವರಿಗೆ ಏನೂ ಆಗಿರಲಿಲ್ಲ.

ಬೀನ್‌ನ ಬೂಟುಗಳು ಹಿಂತಿರುಗಿ ಬಂದುದರಿಂದ ಅವನಿಗೆ ತಪ್ಪು ತಿಳಿಯಿತು. ಮೇಷ್ಟ್ರ ಪಾಠಗಳು ಹಾಗೆ ಹಿಂತಿರುಗುವುದಿಲ್ಲ. ವಿದ್ಯಾರ್ಥಿಗಳು ಗೌರವದಿಂದ ಸುಮ್ಮನಿರುತ್ತಾರೆ. ಆದುದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ನಾನು ಕಲಿಸಿದ್ದರಲ್ಲಿ ಯಾವುದಾದರೂ ಹೊಲಿಗೆ ಬಿಟ್ಟಿದ್ದರೆ ದಯವಿಟ್ಟು ತಿಳಿಸಿ. ನೊಂದುಕೊಳ್ಳುವೆನೆಂದು ಮುಚ್ಚಿಡಬೇಡಿ.